ಒಂದು ಗುಂಟೆಗೆ ನಾಲ್ಕು ರಾಡ್: ಇಂಗ್ಲೆಂಡಿನ ಅಲಾಟ್‌ಮೆಂಟ್ ತೋಟದ ಗೇಣಿ ಲೆಕ್ಕ ಬರೆದ ಆರು ವರ್ಷ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯ ನಮ್ಮ ಊರಿನ ಅಂಚಿನಲ್ಲಿ ನನ್ನ ಹೆಸರಿಗೆ ತರಕಾರಿ ಬೆಳೆಯಲು ಐದು ರಾಡ್, ಅಂದರೆ ಒಂದೂಕಾಲು ಗುಂಟೆ ಜಾಗ ಸಿಕ್ಕಿದೆ ಎಂದು ಸಾಗರದಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, ಅದು ಸ್ವಂತದ್ದೋ ಎಂದು ಅವರು ಕೇಳಿದರು. ಅಲ್ಲ, ವರ್ಷಕ್ಕಿಷ್ಟು ಎಂದು ಗೇಣಿ ಕಟ್ಟಬೇಕು ಎಂದೆ. "ಅಲ್ಲೋ, 74ರಲ್ಲಿ ನಿನ್ನ ಅಜ್ಜ ಫಾರಂ ನಂಬರ್ 7 ಹಾಕಿ ಗೇಣಿಯಿಂದ ಬಿಡಿಸಿಕೊಂಡಿದ್ದು ನೀನು ಅಲ್ಲಿಗೆ ಹೋಗಿ ಗೇಣಿದಾರ ಆಗಲಿ ಅಂತಲಾ?" ಎಂದು ಅವರು ನಕ್ಕರು. ಮುಂದೆ ಮೂರು ವರ್ಷಕ್ಕೆ, 2017ರ ಮಾರ್ಚ್‌ನಲ್ಲಿ, ನಾನು ಆ ತೋಟಗಾರರ ಸಂಘದ ಖಜಾಂಚಿಯಾಗಿ ಗೇಣಿ ವಸೂಲಿಗೂ ನಿಂತೆ ಎಂಬುದನ್ನು ಅವರಿಗೆ ಹೇಳಲು ಕೊಂಚ ಸಂಕೋಚವೇ ಆಯಿತು.

ಅಲಾಟ್‌ಮೆಂಟ್ ಎಂದರೆ ಮನೆಯ ಹಿತ್ತಿಲಿಗಿಂತ ಬೇರೆಯಾದ, ಸಾಮಾನ್ಯವಾಗಿ ಕೌನ್ಸಿಲ್‌ಗೆ (ಊರಿನ ಸ್ಥಳೀಯ ಆಡಳಿತಕ್ಕೆ) ಸೇರಿದ ಬಯಲನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ಮನೆಮಂದಿಯ ಬಳಕೆಗೆ ತರಕಾರಿ, ಹಣ್ಣು ಬೆಳೆದುಕೊಳ್ಳಲು ಊರಿನವರಿಗೆ ವರ್ಷದ ಕರಾರಿನ ಮೇಲೆ ಕೊಡುವ ಜಾಗ. 1908ರ ಕಾಯ್ದೆ ಇದನ್ನು ಕೌನ್ಸಿಲ್‌ಗಳ ಹೊಣೆಯನ್ನಾಗಿ ಮಾಡಿತು; ಅಂಥ ತೋಟ 40 ಚದರ ರಾಡ್ ಮೀರಬಾರದು ಎಂದು 1922ರ ಕಾಯ್ದೆ ಹೇಳಿತು. ರಾಡ್ ಎಂದರೆ ಹದಿನಾರೂವರೆ ಅಡಿ. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ ಇರುವುದರಿಂದ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಚದರ ರಾಡ್ ಬರುತ್ತದೆ. ಹತ್ತು ರಾಡಿನ ಪೂರ್ಣ ಪ್ಲಾಟ್ ಎಂದರೆ ಎರಡೂವರೆ ಗುಂಟೆ ಎಂದು ತಿಳಿದ ದಿನ ನನಗೆ ನಮ್ಮ ತೋಟದ ನಕ್ಷೆ ಮೊದಲ ಬಾರಿಗೆ ಅರ್ಥವಾಯಿತು. ಇಲ್ಲಿ ಹುಟ್ಟಿ ಬೆಳೆದವರಲ್ಲೇ ಅನೇಕರಿಗೆ ರಾಡ್ ಎಂದರೆ ಎಷ್ಟು ಎಂಬ ಅಂದಾಜು ಇರುವುದಿಲ್ಲ.

ಕೆಲವು ಊರುಗಳಲ್ಲಿ ಕೌನ್ಸಿಲ್ ತಾನೇ ಪ್ರತಿಯೊಬ್ಬರಿಂದ ಗೇಣಿ ಪಡೆಯುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಇಡೀ ಬಯಲನ್ನು ಸಂಘವೇ ಕೌನ್ಸಿಲ್‌ನಿಂದ ವರ್ಷಕ್ಕೆ 500 ಪೌಂಡಿಗೆ ಗುತ್ತಿಗೆ ಹಿಡಿದು, ಒಳಗಿನ ತುಂಡುಗಳನ್ನು 62 ಜನರಿಗೆ ಕೊಟ್ಟಿತ್ತು. ಬೇಲಿ, ಗೇಟು, ದಾರಿ, ನೀರಿನ ಕೊಳವೆ ಎಲ್ಲದರ ದುರಸ್ತಿಯೂ ಸಂಘದ್ದೇ. ಸಾಗುವಳಿಯಲ್ಲಿದ್ದದ್ದು ಒಟ್ಟು 480 ರಾಡ್. ರಾಡಿಗೆ ನಾಲ್ಕೂವರೆ ಪೌಂಡಿನಂತೆ ವರ್ಷಕ್ಕೆ 2,160 ಪೌಂಡ್ ಬರುತ್ತಿತ್ತು. ಆ ನಾಲ್ಕೂವರೆ ಪೌಂಡ್ ಎಲ್ಲಿಂದ ಬಂತು ಎಂದು ಹಳೆಯ ನಡಾವಳಿ ಪುಸ್ತಕಗಳನ್ನು ತಿರುವಿ ನೋಡಿದೆ. ಹಿಂದೆ ಯಾವಾಗಲೋ ನಾಲ್ಕಿತ್ತು, ಅದಕ್ಕೆ ಐವತ್ತು ಪೆನ್ಸ್ ಸೇರಿಸಿದ್ದರು, ಅಷ್ಟೇ. ಅದಕ್ಕೂ ಖರ್ಚಿಗೂ ಏನು ಸಂಬಂಧ ಎಂದು ಯಾರೂ ಬರೆದಿಟ್ಟಿರಲಿಲ್ಲ.

ನಾನು ಲೆಕ್ಕವನ್ನು ಹಿಂದುಮುಂದಾಗಿ ಹಾಕಿದೆ. ಮೊದಲು ಖರ್ಚನ್ನು ಬರೆದುಕೊಂಡೆ: ಕೌನ್ಸಿಲ್‌ನ ಗುತ್ತಿಗೆ 500, ನೀರು 700, ಬೇಲಿ ಕತ್ತರಿಸುವುದಕ್ಕೂ ಹುಲ್ಲು ಕೊಯ್ಯುವ ಯಂತ್ರಕ್ಕೂ 350, ಕಸ ಸಾಗಿಸುವ ದೊಡ್ಡ ಕಬ್ಬಿಣದ ತೊಟ್ಟಿಯಾದ ಸ್ಕಿಪ್‌ಗೆ 280, ಸಾರ್ವಜನಿಕ ಹೊಣೆಗಾರಿಕೆಯ ವಿಮೆಗೆ 180, ಬೀಗ, ಅಂಚೆ, ಸಭೆಯ ಕೋಣೆ ಇತ್ಯಾದಿಗೆ 100. ಒಟ್ಟು 2,110 ಪೌಂಡ್. ಬಂದದ್ದಕ್ಕೂ ಹೋದದ್ದಕ್ಕೂ ಐವತ್ತು ಪೌಂಡ್ ಅಂತರ. ಬ್ಯಾಂಕಿನಲ್ಲಿ ಸುಮಾರು 900 ಪೌಂಡ್ ಇತ್ತು. ಗಾಳಿಗೆ ಒಂದು ಮರ ಬೇಲಿಯ ಮೇಲೆ ಬಿದ್ದರೆ ಸಾಕು, ಸಂಘ ಕೈಚಾಚಬೇಕಾದ ಸ್ಥಿತಿ.

ಬಿದ್ದದ್ದು ಮರವಲ್ಲ. 2018ರ ಜನವರಿಯಲ್ಲಿ 1,940 ಪೌಂಡಿನ ನೀರಿನ ಬಿಲ್ಲು ಬಂತು. 2017ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಗೃಹೇತರ ಬಳಕೆದಾರರ ನೀರಿನ ವ್ಯಾಪಾರ ಬೇರೆಯಾಗಿ, ಬಿಲ್ಲು ಕಳಿಸುವವರು ಒಬ್ಬರು, ಕೊಳವೆಯ ಒಡೆಯರು ಇನ್ನೊಬ್ಬರು ಎಂಬಂತಾಗಿತ್ತು. ಅದಕ್ಕೂ ಹಿಂದಿನಿಂದ ನಮ್ಮ ಬಿಲ್ಲುಗಳು ಅಂದಾಜಿನ ಮೇಲೆ ಬರುತ್ತಿದ್ದವು ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಬಿಲ್ಲಿನ ಮೂಲೆಯಲ್ಲಿ ಅಂದಾಜು ಎಂಬ ಸೂಚನೆ ಇದ್ದೇ ಇತ್ತು, ನಾನೂ ಒಂದು ಬಿಲ್ಲನ್ನು ಹಾಗೆಯೇ ಕಟ್ಟಿದ್ದೆ. ಕೊನೆಗೊಮ್ಮೆ ಯಾರೋ ಮೀಟರ್ ಓದಿದಾಗ ಎರಡು ವರ್ಷದ ಬಾಕಿ ಒಟ್ಟಿಗೆ ಎರಗಿತು.

ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟಿ ಒಡೆಯಬಾರದೆಂದು ನವೆಂಬರಿನಿಂದ ಮಾರ್ಚ್‌ವರೆಗೆ ಗೇಟಿನ ಒಳಗಿರುವ ಮುಖ್ಯ ವಾಲ್ವನ್ನು ನಾವು ಮುಚ್ಚಿಡುತ್ತೇವೆ. ತೊಟ್ಟಿಗಳೆಲ್ಲ ಒಣಗಿರುವ ಆ ಕಾಲದಲ್ಲಿ ನೀರು ಹೋಗುವುದಾದರೂ ಎಲ್ಲಿಗೆ? ಒಂದು ಭಾನುವಾರ ಸಂಜೆ ಟಾರ್ಚ್ ಹಿಡಿದು ರಸ್ತೆಯಂಚಿನ ಗುಂಡಿಯಲ್ಲಿದ್ದ ಮೀಟರ್ ಓದಿ ಬರೆದುಕೊಂಡೆ, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ಮುನ್ನ ಮತ್ತೆ ಓದಿದೆ. ಅಂಕಿ ಮುಂದೆ ಸರಿದಿತ್ತು. ಅಂದರೆ ಸೋರಿಕೆ ಇದ್ದದ್ದು ಮೀಟರಿಗೂ ವಾಲ್ವಿಗೂ ನಡುವೆ, ಬೇಲಿಯ ಕೆಳಗೆ ಹಾದುಹೋಗುವ ಮೂವತ್ತು ಮೀಟರ್ ಕೊಳವೆಯಲ್ಲಿ. ನಾವು ವಾಲ್ವ್ ಮುಚ್ಚಿದರೂ ಬಿಟ್ಟರೂ ಅದಕ್ಕೆ ಲೆಕ್ಕವಿರಲಿಲ್ಲ. ಮುಳ್ಳುಕಂಟಿ ಕಡಿದು ಅಗೆಸಿದಾಗ ಹಳೆಯ ಕೀಲೊಂದು ಬಿಟ್ಟುಕೊಂಡಿರುವುದು ಕಂಡಿತು. ಮೀಟರಿನಿಂದ ಈಚೆಗಿನದೆಲ್ಲ ನಮ್ಮದೇ ಹೊಣೆಯಾದ್ದರಿಂದ ದುರಸ್ತಿಗೆ 420 ಪೌಂಡ್ ಮೀಸಲಿನಿಂದ ಹೋಯಿತು. ಬಿಲ್ಲನ್ನು ಹತ್ತು ತಿಂಗಳ ಕಂತು ಮಾಡಿಸಿಕೊಂಡೆವು. ಅದನ್ನು ಸಾಲುಸಾಲಾಗಿ ಓದುವಾಗ, ಚರಂಡಿಯೇ ಇಲ್ಲದ ನಮ್ಮ ಬಯಲಿಗೆ ಕೊಳಚೆ ನೀರಿನ ಶುಲ್ಕವನ್ನೂ ಹಾಕಿದ್ದು ಕಣ್ಣಿಗೆ ಬಿತ್ತು. ನಾಲ್ಕು ಪತ್ರ ಬರೆದ ಮೇಲೆ 310 ಪೌಂಡ್ ಮರಳಿ ಬಂತು. ಅಲಾಟ್‌ಮೆಂಟಿನ ಲೆಕ್ಕ ನೋಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ನಿಮ್ಮ ನೀರಿನ ಬಿಲ್ಲಿನಲ್ಲಿ ಆ ಒಂದು ಸಾಲನ್ನು ಹುಡುಕಿ.

ಮಾರ್ಚ್‌ನ ವಾರ್ಷಿಕ ಸಭೆಗೆ ಹೋಗುವ ಮೊದಲು ಗೇಣಿಯ ಬಗ್ಗೆ ಕಾಯ್ದೆ ಏನು ಹೇಳುತ್ತದೆ ಎಂದು ಓದಿಕೊಂಡೆ. 1950ರ ಕಾಯ್ದೆಯ 10ನೇ ಕಲಮಿನ ಪ್ರಕಾರ ಕೌನ್ಸಿಲ್ ಕೇಳಬೇಕಾದ ಗೇಣಿಯೆಂದರೆ, ಆ ಷರತ್ತುಗಳ ಮೇಲೆ ಆ ಬಳಕೆಗೆ ಕೊಟ್ಟ ಜಾಗಕ್ಕೆ ಒಬ್ಬ ಗೇಣಿದಾರ ಸಮಂಜಸವಾಗಿ ಕೊಡಬಹುದಾದಷ್ಟು. ವಿಶೇಷ ಸಂದರ್ಭದಲ್ಲಿ ಒಬ್ಬರಿಗೆ ಅದಕ್ಕಿಂತ ಕಡಿಮೆ ಮಾಡುವ ಅವಕಾಶವೂ ಅಲ್ಲಿದೆ. ಆ ಜಾಗದಲ್ಲಿ ಮನೆ ಕಟ್ಟಿದರೆ ಎಷ್ಟು ಬೆಲೆ ಬಾಳುತ್ತದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. 1981ರ ಹಾರ್ವುಡ್ ಪ್ರಕರಣದಲ್ಲಿ ನ್ಯಾಯಾಲಯ, ಕೌನ್ಸಿಲ್ ತನ್ನ ಇತರ ಮನರಂಜನಾ ಸೌಲಭ್ಯಗಳ ದರಗಳನ್ನು ಬದಿಗಿಟ್ಟು ಅಲಾಟ್‌ಮೆಂಟಿನ ಗೇಣಿಯೊಂದನ್ನೇ ಬೇಕಾಬಿಟ್ಟಿ ಏರಿಸುವಂತಿಲ್ಲ ಎಂಬ ನಿಲುವು ತಳೆಯಿತು. ನಮ್ಮದು ಕೌನ್ಸಿಲ್ ಅಲ್ಲ, ಸಂಘ. ಆದರೂ ಸಮಂಜಸ ಎಂಬ ಮಾತನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಎಷ್ಟು ಏರಿಸಬೇಕೆಂಬುದು ಸುಲಭವಾಗಿಯೇ ಇತ್ತು. ಒಂದು ಕೆಟ್ಟ ವರ್ಷದ ನೀರಿನ ಬಿಲ್ಲನ್ನೂ ಬೇಲಿಯ ದುರಸ್ತಿಯನ್ನೂ ತಡೆದುಕೊಳ್ಳಲು 2,000 ಪೌಂಡ್ ಮೀಸಲು ಬೇಕು, ಅದನ್ನು ಮೂರು ವರ್ಷದಲ್ಲಿ ಕೂಡಿಸಬೇಕೆಂದರೆ ವರ್ಷಕ್ಕೆ ಸುಮಾರು 2,900 ಪೌಂಡ್ ಬರಬೇಕು. ಕಷ್ಟವಿದ್ದದ್ದು ಅದನ್ನು ಹಂಚುವುದರಲ್ಲಿ. ರಾಡಿಗೆ ಆರು ಪೌಂಡ್ ಎಂದರೆ ಮೊತ್ತವೇನೋ ಹೊಂದುತ್ತದೆ. ಆದರೆ ವಿಮೆ, ಅಂಚೆ, ಬೀಗದ ಕೈ, ಸಭೆ ಇವೆಲ್ಲ ತಲೆಗೆ ಇಷ್ಟೆಂದು ಬೀಳುವ ಖರ್ಚು, ಎರಡೂವರೆ ರಾಡಿನವನಿಗೂ ಹತ್ತು ರಾಡಿನವನಿಗೂ ಒಂದೇ. ಗುತ್ತಿಗೆ, ನೀರು, ಬೇಲಿ ಮಾತ್ರ ಜಾಗದ ಅಳತೆಗೆ ತಕ್ಕಂತೆ ಬೀಳುವವು. ಆದ್ದರಿಂದ ತಲೆಗೆ 8 ಪೌಂಡ್, ರಾಡಿಗೆ 5 ಪೌಂಡ್ ಎಂದು ಸೂಚಿಸಿದೆ. ಒಟ್ಟು 2,896 ಪೌಂಡ್. ಪೂರ್ಣ ಪ್ಲಾಟ್ 45ರಿಂದ 58ಕ್ಕೆ, ಅರ್ಧ ಪ್ಲಾಟ್ 22.50ರಿಂದ 33ಕ್ಕೆ, ಹೊಸಬರಿಗೆ ಕೊಡುವ ಕಾಲು ಪ್ಲಾಟ್ 11.25ರಿಂದ 20.50ಕ್ಕೆ ಏರುತ್ತಿತ್ತು.

ಸಭೆಯಲ್ಲಿ ಗದ್ದಲವಾಯಿತು. ಕಾಲು ಪ್ಲಾಟಿನ ಒಬ್ಬರು, ನನ್ನ ಗೇಣಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಿದೆ, ಪೂರ್ಣ ಪ್ಲಾಟಿನವರಿಗೆ ಮೂರನೆಯ ಒಂದು ಭಾಗವೂ ಏರುತ್ತಿಲ್ಲ ಎಂದರು. ಅವರ ಲೆಕ್ಕ ಸರಿಯಾಗಿತ್ತು. ಇದುವರೆಗೆ ಅವರ ವಿಮೆಯನ್ನೂ ಅಂಚೆಯನ್ನೂ ದೊಡ್ಡ ಪ್ಲಾಟಿನವರು ಹೊತ್ತಿದ್ದರು ಎಂಬ ನನ್ನ ಉತ್ತರವೂ ಸರಿಯಾಗಿತ್ತು. ಆದರೆ ಸರಿಯಾದ ಉತ್ತರ ಕೇಳಿ ಯಾರೂ ಸಂತೋಷಪಡುವುದಿಲ್ಲ. ಆಮೇಲೆ ಅರವತ್ತು ದಾಟಿದವರಿಗೆ ಅರ್ಧ ಗೇಣಿ ಮಾಡೋಣ ಎಂಬ ಸಲಹೆ ಬಂತು. ಕೇಳಲು ಒಳ್ಳೆಯದಾಗಿತ್ತು. ನಮ್ಮ 62 ಜನರಲ್ಲಿ 35 ಮಂದಿ ಅರವತ್ತು ದಾಟಿದವರು. ಅವರಿಗೆ ಅರ್ಧ ಮಾಡಿದರೆ ಉಳಿದ 27 ಜನರ ಪೂರ್ಣ ಪ್ಲಾಟ್ 80 ಪೌಂಡಿನ ಹತ್ತಿರ ಹೋಗುತ್ತದೆ, ಆ 27ರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳಿರುವ ಸಂಸಾರಸ್ಥರು ಎಂದು ಕಾಗದದ ಮೇಲೆ ತೋರಿಸಿದ ಮೇಲೆ ಸಲಹೆ ಕೊಟ್ಟವರೇ ಅದನ್ನು ಹಿಂದಕ್ಕೆ ಪಡೆದರು. ವಯಸ್ಸಿನ ರಿಯಾಯಿತಿಯ ಬದಲು, ಹಣದ ಅಡಚಣೆಯಲ್ಲಿರುವವರು ಯಾವ ವಯಸ್ಸಿನವರಾದರೂ ಖಜಾಂಚಿಗೆ ಗುಟ್ಟಾಗಿ ತಿಳಿಸಿದರೆ ಆ ವರ್ಷ ಅರ್ಧ ಗೇಣಿ ಎಂದು ನಿಶ್ಚಯವಾಯಿತು. ಆರು ವರ್ಷದಲ್ಲಿ ಅದನ್ನು ಕೇಳಿದವರು ಇಬ್ಬರೇ. ಯಾರು ಎಂದು ಸಮಿತಿಗೂ ನಾನು ಹೇಳಲಿಲ್ಲ. ಜಮಾ-ಖರ್ಚಿನಲ್ಲಿ ಮೊತ್ತವನ್ನು ಮಾತ್ರ ತೋರಿಸಿದೆ.

ಗೇಣಿ ಏರಿಸಲು ಹನ್ನೆರಡು ತಿಂಗಳ ಮುನ್ಸೂಚನೆ ಕೊಡಬೇಕೆಂದು ನಮ್ಮ ಕರಾರಿನಲ್ಲಿತ್ತು. ನಮ್ಮ ವರ್ಷ ಆರಂಭವಾಗುವುದು ಅಕ್ಟೋಬರ್ 1ಕ್ಕೆ, ಅಂದರೆ ಇಲ್ಲಿಯವರು ಹಿಂದಿನಿಂದ ಗೇಣಿ ಕಟ್ಟುವ ಗಡುವಾಗಿದ್ದ ಮೈಕೆಲ್ಮಸ್ ಹಬ್ಬ, ಸೆಪ್ಟೆಂಬರ್ 29 ಕಳೆದೊಡನೆ. ಹೀಗಾಗಿ 2018ರ ಮಾರ್ಚ್‌ನಲ್ಲಿ ಒಪ್ಪಿದ ದರ ಜಾರಿಗೆ ಬಂದದ್ದು 2019ರ ಅಕ್ಟೋಬರಿನಲ್ಲಿ. ಹಣ ಬೇಕಾದ ದಿನಕ್ಕೂ ಬರುವ ದಿನಕ್ಕೂ ಒಂದೂವರೆ ವರ್ಷದ ಅಂತರ ಇರುತ್ತದೆ ಎಂಬುದನ್ನು ತಿಳಿಯದ ಖಜಾಂಚಿ ಯಾವಾಗಲೂ ತಡವಾಗಿಯೇ ಏಳುತ್ತಾನೆ.

ವಸೂಲಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಹುಪಾಲು ಜನ ಬ್ಯಾಂಕಿನ ಮೂಲಕ ಕಟ್ಟುತ್ತಾರೆ, ಪ್ಲಾಟ್ ನಂಬರ್ ಬರೆಯಲು ಮರೆಯುತ್ತಾರೆ. ಕೆಲವರು ಮಣ್ಣು ಮೆತ್ತಿದ ಲಕೋಟೆಯಲ್ಲಿ ನೋಟು ಇಟ್ಟು ಕೈಗೆ ಕೊಡುತ್ತಾರೆ. ಗೇಣಿ ನಲವತ್ತು ದಿನ ಬಾಕಿ ಬಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಜಾಗ ಬಿಡಿಸಬಹುದೆಂಬ ನಿಯಮ 1908ರ ಕಾಯ್ದೆಯಲ್ಲಿದೆ, ಅದನ್ನೇ ನಮ್ಮ ಕರಾರಿನಲ್ಲೂ ಬರೆದುಕೊಂಡಿದ್ದೆವು. ಮೂವತ್ತನೆಯ ದಿನ ಒಂದು ಫೋನ್ ಮಾಡಿದರೆ ನೋಟಿಸಿನ ತನಕ ಹೋಗುವುದು ತೀರಾ ಅಪರೂಪ. ನನ್ನ ಅನುಭವದಲ್ಲಿ ಹಣ ಕಟ್ಟದವರಿಗಿಂತ ಹೆಚ್ಚು ನಷ್ಟ ಮಾಡುವವರು ಹಣ ಕಟ್ಟಿ ಉಳದೆ ಬಿಟ್ಟವರು. ಎರಡು ಬೇಸಿಗೆ ಹಾಗೆ ಬಿಟ್ಟ ಪ್ಲಾಟಿನಲ್ಲಿ ಮುಳ್ಳುಕಂಟಿ ಎದೆಯುದ್ದ ಬೆಳೆದಿರುತ್ತದೆ. ಅವರು ಹೋದ ಮೇಲೆ ಅದನ್ನು ಕಡಿಸಿ, ಹಳೆಯ ಕಾರ್ಪೆಟ್, ಒಡೆದ ಗಾಜು ಸಾಗಿಸಲು ಒಂದು ಪೂರ್ತಿ ಸ್ಕಿಪ್ ಬೇಕು, ಅಂದರೆ ಆ ಪ್ಲಾಟಿನ ಐದು ವರ್ಷದ ಗೇಣಿ. ಹಾಗಾಗಿ ಹೊಸದಾಗಿ ಬರುವವರಿಂದ 50 ಪೌಂಡ್ ಠೇವಣಿ ಪಡೆಯಲು ಶುರುಮಾಡಿದೆವು. ಠೇವಣಿ ಸಂಘದ ಆದಾಯವಲ್ಲ, ಇನ್ನೊಬ್ಬರ ಹಣ. ಅದನ್ನು ಬೇರೆ ಖಾತೆಯಲ್ಲೇ ಇಡಬೇಕೆಂದು ನಾನು ಹಟ ಹಿಡಿದೆ.

2020ರಲ್ಲಿ ಕೋವಿಡ್ ಬಂದು ಜನ ಮನೆಯೊಳಗೆ ಕುಳಿತಾಗ, ವ್ಯಾಯಾಮಕ್ಕೆಂದು ಅಲಾಟ್‌ಮೆಂಟಿಗೆ ಹೋಗಲು ಅನುಮತಿ ಇತ್ತು. ಕಾಯುವವರ ಪಟ್ಟಿ ಉದ್ದವಾಯಿತು. ಇಷ್ಟೊಂದು ಬೇಡಿಕೆ ಇರುವಾಗ ಗೇಣಿ ಏರಿಸಬಾರದೇಕೆ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಮೀಸಲು ಯೋಜನೆಯಂತೆ ಬೆಳೆಯುತ್ತಿತ್ತು, ಖರ್ಚು ಏರಿರಲಿಲ್ಲ, ಆದ್ದರಿಂದ ಬೇಡ ಎಂದೆ. 2022ರ ಜುಲೈನಲ್ಲಿ ಇಂಗ್ಲೆಂಡಿನ ಉಷ್ಣಾಂಶ ಮೊದಲ ಬಾರಿಗೆ 40 ಡಿಗ್ರಿ ದಾಟಿದಾಗ ನನ್ನ ಹುರುಳಿಕಾಯಿ ಹೂವಿನಲ್ಲೇ ಉದುರಿತು, ಮೆಂತ್ಯ ಎಲೆ ತುಂಬುವ ಮೊದಲೇ ಹೂ ಬಿಟ್ಟಿತು. ಆ ವರ್ಷದ ನೀರಿನ ಬಿಲ್ಲು 1,180 ಪೌಂಡ್. ಸಭೆ ಕರೆಯದೆ, ಯಾರನ್ನೂ ಕೇಳದೆ ಕಟ್ಟಿದೆವು.

2023ರ ಮಾರ್ಚ್‌ನಲ್ಲಿ ಲೆಕ್ಕದ ಪುಸ್ತಕವನ್ನೂ ಠೇವಣಿ ಖಾತೆಯ ಕಾಗದಗಳನ್ನೂ ಮುಖ್ಯ ವಾಲ್ವಿನ ಕೈಯನ್ನೂ, ತಿಂಗಳಿಗೊಮ್ಮೆ ಮೀಟರ್ ಓದಿ ಬರೆದಿಟ್ಟ ಸಣ್ಣ ನೋಟ್‌ಬುಕ್ಕನ್ನೂ ಹೊಸ ಖಜಾಂಚಿಗೆ ಒಪ್ಪಿಸಿದೆ. ಅದಾದ ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅವರಿಂದ ಪತ್ರ ಬಂತು: ರಾಡಿಗೆ 5 ಪೌಂಡ್ ಇದ್ದದ್ದು 5.40 ಆಗುತ್ತದೆ, ತಲೆಗೆ 8 ಹಾಗೆಯೇ ಇರುತ್ತದೆ. ನನ್ನ ಐದು ರಾಡಿಗೆ ಇನ್ನು 35 ಪೌಂಡ್. ಪತ್ರದ ತಾರೀಖನ್ನೂ ಜಾರಿಗೆ ಬರುವ ತಾರೀಖನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹನ್ನೆರಡು ತಿಂಗಳ ಮೇಲೆ ಒಂಬತ್ತು ದಿನ ಕೊಟ್ಟಿದ್ದರು.