ಕ್ಯಾಲ್ಸಿಯಂ ಮಾತ್ರೆಯಲ್ಲಿ ವಿಟಮಿನ್ ಕೆ: ನುಂಗುವ ಮುನ್ನ ಏನೇನು ನೋಡಬೇಕು?

ಮಂಡಿನೋವಿಗೆಂದು ಡಾಕ್ಟರ್ ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಕ್ಯಾಲ್ಸಿಯಂ, ವಿಟಮಿನ್ ಡಿ3 ಆದಮೇಲೆ ಸಣ್ಣ ಅಕ್ಷರದಲ್ಲಿ ‘ವಿಟಮಿನ್ ಕೆ2-7’ ಎಂದು ಇರುವುದು ಈಗ ಮಾಮೂಲು. ಅದನ್ನು ಓದಿದವರು ಕೇಳುವ ಪ್ರಶ್ನೆಯೂ ಮಾಮೂಲು: ‘ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಿಸುತ್ತಂತಲ್ಲ, ಹಾರ್ಟಿಗೆ ತೊಂದರೆ ಆಗಲ್ವಾ?’

ಹಾಸನದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. 2025ರ ಜೂನ್, ಜುಲೈನಲ್ಲಿ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸುದ್ದಿ ಬಂತು. ಗಾಬರಿಬಿದ್ದ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಉತ್ತರ ಎಲ್ಲರಿಗೂ ಒಂದೇ ಅಲ್ಲ. ನೀವು ಜೊತೆಗೆ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎನ್ನುವುದೇ ಇಲ್ಲಿ ಮುಖ್ಯ.

ಮೊದಲು ಭಯದ ಬುಡ ನೋಡೋಣ

1930ರ ಆಸುಪಾಸಿನಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹೆನ್ರಿಕ್ ಡ್ಯಾಮ್ ಕೊಬ್ಬಿನಂಶ ತೆಗೆದ ಆಹಾರ ಕೊಟ್ಟು ಕೋಳಿಮರಿ ಸಾಕುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಸೋರತೊಡಗಿತು. ಆ ಆಹಾರದಲ್ಲಿ ಇಲ್ಲದೇ ಹೋದ ಅಂಶಕ್ಕೆ ಅವರು ವಿಟಮಿನ್ ಕೆ ಎಂದು ಹೆಸರಿಟ್ಟರು. 1943ರ ನೊಬೆಲ್ ಪ್ರಶಸ್ತಿ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಗೂ ಬಂತು.

ರಕ್ತ ಹೆಪ್ಪುಗಟ್ಟಿಸುವ ನಾಲ್ಕು ಪ್ರೋಟೀನುಗಳು ನಮ್ಮ ಲಿವರ್‌ನಲ್ಲಿ ತಯಾರಾಗುತ್ತವೆ. ಅವು ಕೆಲಸಕ್ಕೆ ಬರಬೇಕಾದರೆ ವಿಟಮಿನ್ ಕೆ ಬೇಕು. ಕೊರತೆಯಾದರೆ ರಕ್ತ ನಿಲ್ಲುವುದಿಲ್ಲ. ಹಾಗಂತ ಜಾಸ್ತಿ ತಿಂದರೆ ರಕ್ತ ಗಟ್ಟಿಯಾಗುವುದೂ ಇಲ್ಲ. ಹತ್ತು ಜನಕ್ಕೆ ಹತ್ತು ಎಲೆ ಹಾಕಿದ ಮೇಲೆ ಇನ್ನೂ ಐವತ್ತು ಎಲೆ ತಂದಿಟ್ಟರೂ ಉಣ್ಣುವವರು ಹತ್ತೇ ಜನ ಅಲ್ವಾ? ಜೊತೆಗೆ, ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ ಮತ್ತು ಪ್ರೋಟೀನ್ ಎಸ್‌ಗೂ ಇದೇ ವಿಟಮಿನ್ ಬೇಕು. ಈ ಮಾತು ಯಾರೂ ಹೇಳುವುದಿಲ್ಲ, ಅದಕ್ಕೇ ಭಯ ಬೆಳೆದಿದೆ.

ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಹೆಂಗಸರಿಗೆ 90, ಗಂಡಸರಿಗೆ 120 ಮೈಕ್ರೊಗ್ರಾಂ ಸಾಕು. ಸೊಪ್ಪಿನಲ್ಲಿರುವ ಕೆ1, ಮಾತ್ರೆಗೆ ಹಾಕುವ ಕೆ2, ಎರಡಕ್ಕೂ ಇಷ್ಟು ದಾಟಿದರೆ ಅಪಾಯ ಎಂಬ ಗೆರೆ ಹಾಕಿಲ್ಲ. ಅಂಥ ಹಾನಿ ಕಂಡುಬಂದಿಲ್ಲವೆಂಬುದೇ ಕಾರಣ. ಕೆ3 ಮಾತ್ರ ಬೇರೆ. ಅದರಿಂದ ರಕ್ತಕಣ ಒಡೆದು ಕಾಮಾಲೆ ಬರಬಹುದು. ಮನುಷ್ಯರ ಪೂರಕ ಮಾತ್ರೆಯಲ್ಲಿ ಅದು ಇರಬಾರದು.

ಎರಡನೇ ಕೆಲಸ: ಮನೆಯ ಮಾತ್ರೆ ಡಬ್ಬಿ ಸುರಿಯಿರಿ

ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ. ‘ರಕ್ತ ತೆಳು ಮಾಡೋ ಮಾತ್ರೆ’ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದು ಮೂರು ಬೇರೆ ಬೇರೆ ಜಾತಿಯ ಔಷಧ. ಬ್ರಾಂಡ್ ಹೆಸರು ಬಿಡಿ, ಅದರ ಕೆಳಗಿನ ಔಷಧದ ಹೆಸರು ಓದಿ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಇದ್ದರೆ, ಸ್ಟೆಂಟ್ ಹಾಕಿಸಿಕೊಂಡ ಬಹುತೇಕರದ್ದು ಇದೇ, ಇವಕ್ಕೂ ವಿಟಮಿನ್ ಕೆಗೂ ಸಂಬಂಧವಿಲ್ಲ. ಡಾಬಿಗಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಮಾತ್ರೆಗಳ ದಾರಿಯೂ ಬೇರೆ. ಇವುಗಳ ಜೊತೆ ಕೆ ಇರುವ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡರೆ ಔಷಧದ ಕೆಲಸ ಕೆಡುವುದಿಲ್ಲ.

ಅಸಿನೊಕೌಮರಾಲ್ ಅಥವಾ ವಾರ್ಫರಿನ್ ಎಂದಿದ್ದರೆ ಅಲ್ಲೇ ನಿಲ್ಲಿ. ಅಸಿಟ್ರೋಮ್, ವಾರ್ಫ್ ಎಂಬ ಬ್ರಾಂಡ್ ಹೆಸರು ಹೇಳಿದರೆ ನಿಮಗೆ ಬೇಗ ಗೊತ್ತಾಗಬಹುದು. ಈ ಔಷಧಗಳು ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಕೆ ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆ, ಹೆಪ್ಪುಗಟ್ಟುವ ಅಪಾಯ ನಿಜವಾಗಿಯೂ ಬರುತ್ತದೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟು, ಆಪರೇಷನ್ ಆಗಿ, ಲೋಹದ ವಾಲ್ವ್ ಕೂರಿಸಿಕೊಂಡವರಿಗೆ ಈ ಮಾತ್ರೆ ಜೀವನಪೂರ್ತಿ. ಅವರಿಗೆ ಹೊಸ ಮಾತ್ರೆಗಳನ್ನು ಕೊಡುವಂತಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ತೋಟದ ಮನೆಗಳವರಿಗೆ ಬೇಕಾದ್ದು. ವಾರ್ಫರಿನ್ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರ ಔಷಧವಾದದ್ದು 1954ರಲ್ಲಿ. ಇವತ್ತಿನ ಇಲಿ ಕೇಕಿನಲ್ಲಿರುವ ಬ್ರೊಮಾಡಿಯೊಲೋನ್ ಇದೇ ಕುಲದ್ದು, ಇನ್ನೂ ಜೋರು. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಆ ದಿನ ಏನೂ ಕಾಣದಿರಬಹುದು. ಕಾಯಬೇಡಿ, ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಅದಕ್ಕೆ ಮದ್ದು ವಿಟಮಿನ್ ಕೆ1.

ಅಸಿಟ್ರೋಮ್, ವಾರ್ಫರಿನ್ ತೆಗೆದುಕೊಳ್ಳುವವರು ಹೀಗೆ ಮಾಡಿ

ಕೆ2-7 ಇರುವ ಹೊಸ ಕ್ಯಾಲ್ಸಿಯಂ ಮಾತ್ರೆ ಕೈಗೆ ಬಂದಿದೆಯೇ? ಶುರು ಮಾಡಬೇಡಿ. ಕೀಲಿನ ಡಾಕ್ಟರಿಗೆ ‘ವಾಲ್ವ್ ಆಪರೇಷನ್ ಆಗಿದೆ, ಅಸಿಟ್ರೋಮ್ ತಗೋತೀನಿ’ ಎಂದು ಹೇಳಿ. ಕೆ ಇಲ್ಲದ ಕ್ಯಾಲ್ಸಿಯಂ ಮಾತ್ರೆಯೂ ಸಿಗುತ್ತದೆ, ಬದಲಿಸಿ ಕೊಡುತ್ತಾರೆ. ಪ್ರಮಾಣ ಕಡಿಮೆ ಎಂದು ಉದಾಸೀನ ಬೇಡ. ಸೊಪ್ಪಿನ ಕೆ1 ರಕ್ತದಿಂದ ಬೇಗ ಇಳಿದುಹೋಗುತ್ತದೆ, ಕೆ2-7 ದಿನಗಟ್ಟಲೆ ಉಳಿಯುತ್ತದೆ. ದಿನಕ್ಕೆ 10 ಮೈಕ್ರೊಗ್ರಾಂನಷ್ಟಕ್ಕೇ ಕೆಲವರ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ರಕ್ತಪರೀಕ್ಷೆಯ ಅಂಕಿ) ಇಳಿದದ್ದು ಅಧ್ಯಯನದಲ್ಲಿ ಕಂಡಿದೆ. ಮಲ್ಟಿವಿಟಮಿನ್ ಮಾತ್ರೆ, ಹಾಲಿಗೆ ಬೆರೆಸುವ ಪೌಷ್ಟಿಕ ಪುಡಿಯ ಡಬ್ಬಿ, ಇವುಗಳಲ್ಲೂ ಕೆ ಇರುತ್ತದೆ. ಓದಿ ನೋಡಿ.

ತಿಂಗಳುಗಟ್ಟಲೆಯಿಂದ ಎರಡೂ ಒಟ್ಟಿಗೆ ನಡೆದಿದೆಯೇ? ಈ ಲೇಖನ ಓದಿ ಕ್ಯಾಲ್ಸಿಯಂ ಮಾತ್ರೆಯನ್ನು ಫಕ್ಕನೆ ಬಿಡಬೇಡಿ. ನಿಮ್ಮ ಅಸಿಟ್ರೋಮ್ ಡೋಸು ಆ ಕೆಗೆ ಹೊಂದಿಕೊಂಡೇ ನಿಂತಿರುತ್ತದೆ. ಕೆ ತೆಗೆದರೆ ರಕ್ತ ತೀರಾ ತೆಳುವಾಗಿ ಒಳಗೇ ಸೋರಬಹುದು. ಡಾಕ್ಟರನ್ನು ಕೇಳಿ ಬದಲಿಸಿ, ಆಮೇಲೆ ಐಎನ್‌ಆರ್ ನೋಡಿಸಿ. ಬದಲಾವಣೆ ಪೂರ್ತಿ ಕಾಣಲು ಕೆಲವು ದಿನ ಬೇಕು, ಆದ್ದರಿಂದ ಮಾರನೇ ದಿನದ ಟೆಸ್ಟ್ ನಂಬಿ ಕೂರುವಂತಿಲ್ಲ.

ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ. ಔಷಧ ಇಲ್ಲದವರಿಗೆ ಸುಮಾರು 1. ಹೃದಯದ ಬಡಿತ ತಪ್ಪುವವರಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದವರಿಗೆ 2.5ರಿಂದ 3.5. ನಿಮ್ಮ ಗುರಿ ಎಷ್ಟೆಂದು ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಟ್ಯೂಬನ್ನು ಗಮನಿಸಿ. ಅದರ ಮೇಲಿನ ಗೆರೆಯವರೆಗೆ ರಕ್ತ ತುಂಬಿರಬೇಕು. ಕಡಿಮೆಯಾದರೆ ಟ್ಯೂಬಿನೊಳಗಿನ ದ್ರಾವಣದ ಅಳತೆ ತಪ್ಪಿ ಫಲಿತಾಂಶವೂ ತಪ್ಪುತ್ತದೆ. ಸಕಲೇಶಪುರದಿಂದಲೋ ಮೂಡಿಗೆರೆಯಿಂದಲೋ ಬಸ್ ಹತ್ತಿ ಬಂದವರು ಇಷ್ಟು ಕೇಳಿದರೆ ಲ್ಯಾಬಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಸೊಪ್ಪು ಬಿಡಬೇಡಿ, ಏರುಪೇರು ಬಿಡಿ

‘ಅಸಿಟ್ರೋಮ್ ತಗೊಳ್ಳೋರು ಸೊಪ್ಪು ಮುಟ್ಟಲೇಬಾರದು’ ಎಂಬ ಮಾತು ಹಳ್ಳಿಹಳ್ಳಿಯಲ್ಲಿ ಹಬ್ಬಿದೆ. ನನಗೆ ನಿಜಕ್ಕೂ ಬೇಸರ ತರಿಸುವ ಮಾತಿದು. ಬಸ್ಸಾರು, ಮಸ್ಸೊಪ್ಪು ಬಿಟ್ಟು ಬರೀ ತಿಳಿಸಾರಿನಲ್ಲಿ ವರ್ಷಗಟ್ಟಲೆ ಮುದ್ದೆ ನುಂಗುವ ಅಜ್ಜಿಯರಿದ್ದಾರೆ. ಹಾಗೆ ಮಾಡಿದರೆ ಮೈಯಲ್ಲಿ ಕೆ ತೀರಾ ಕಡಿಮೆಯಾಗಿ, ಯಾವತ್ತೋ ಒಂದು ದಿನ ತಿಂದ ಸ್ವಲ್ಪ ಸೊಪ್ಪಿಗೂ ಐಎನ್‌ಆರ್ ಕುಣಿಯುತ್ತದೆ.

ಬೇಕಾದದ್ದು ಒಂದೇ ಸಮ. ಒಂದು ಕಪ್ ಹಸಿ ಪಾಲಕ್‌ನಲ್ಲಿ ಸುಮಾರು 145 ಮೈಕ್ರೊಗ್ರಾಂ ಕೆ ಇದೆ. ಅದೇ ಬೇಯಿಸಿದರೆ ಕುಗ್ಗುವುದರಿಂದ ಅರ್ಧ ಕಪ್ಪಿನಲ್ಲೇ 400 ದಾಟುತ್ತದೆ. ವಾರಕ್ಕೆ ಮೂರು ಸಲ ಸೊಪ್ಪಿನ ಸಾರು ಮಾಡುವ ಮನೆಯಾದರೆ ಮೂರೇ ಸಲ ಮಾಡಿ, ಬಟ್ಟಲಿನ ಅಳತೆಯೂ ಅದೇ ಇರಲಿ. ಏರುಪೇರು ಬರುವುದು ಕಾಲ ಬದಲಾದಾಗ. ಬೇಸಿಗೆಯಲ್ಲಿ ಸೊಪ್ಪು ಇಲ್ಲದೆ, ಮಳೆ ಹಿಡಿದ ಮೇಲೆ ಕೊಪ್ಪ, ಶೃಂಗೇರಿ ಕಡೆ ಒಂದೇ ಸಮನೆ ಕೆಸುವಿನ ಪತ್ರೊಡೆ, ನುಗ್ಗೆಸೊಪ್ಪಿನ ಪಲ್ಯ ನಡೆದರೆ ಐಎನ್‌ಆರ್ ಇಳಿಯಬಹುದು. ಜ್ವರ ಬಂದು ಊಟ ಬಿಟ್ಟಾಗ, ಆಂಟಿಬಯಾಟಿಕ್ ತೆಗೆದುಕೊಂಡಾಗ ಏರಬಹುದು. ಆಗೆಲ್ಲ ಟೆಸ್ಟ್ ಒಂದಿಷ್ಟು ಮುಂಚೆಯೇ ಮಾಡಿಸಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗುವುದಂತೂ ಬೇಡವೇ ಬೇಡ.

ಯಾವ ರಕ್ತ ತೆಳು ಮಾಡುವ ಮಾತ್ರೆಯೂ ಇಲ್ಲದವರಿಗೆ ಒಂದು ಮಾತು. ‘ಕೆ2 ರಕ್ತನಾಳದ ಕ್ಯಾಲ್ಸಿಯಂ ಕರಗಿಸುತ್ತೆ’ ಎಂಬ ಜಾಹೀರಾತು ನಂಬಿ ದುಡ್ಡು ಸುರಿಯಬೇಡಿ. 2022ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಎರಡು ವರ್ಷ ದಿನಕ್ಕೆ 720 ಮೈಕ್ರೊಗ್ರಾಂ ಕೆ2, ಜೊತೆಗೆ ವಿಟಮಿನ್ ಡಿ ಕೊಟ್ಟರೂ ಹೃದಯದ ವಾಲ್ವ್‌ನಲ್ಲಿ ಕ್ಯಾಲ್ಸಿಯಂ ಕೂರುವುದು ಹೇಳಿಕೊಳ್ಳುವಷ್ಟು ನಿಧಾನವಾಗಲಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆಗೆ ಇದು ಬದಲಿಯಲ್ಲ.

ಹುಟ್ಟಿದ ಮಗುವಿನ ಇಂಜೆಕ್ಷನ್

ಹೆರಿಗೆ ವಾರ್ಡಿನಲ್ಲಿ ಮಗುವಿನ ತೊಡೆಗೆ ಕೊಡುವ ವಿಟಮಿನ್ ಕೆ ಚುಚ್ಚುಮದ್ದಿಗೆ ಬೇಡ ಅನ್ನಬೇಡಿ. 1 ಮಿಲಿಗ್ರಾಂ, ಒಂದೇ ಸಲ. ಒಂದು ಕೆಜಿಗಿಂತ ಕಡಿಮೆ ತೂಕವಿದ್ದರೆ ಅರ್ಧ. ತಾಯಿಯಿಂದ ಮಗುವಿಗೆ ಹೋಗುವ ಕೆ ಬಹಳ ಕಡಿಮೆ, ಎದೆಹಾಲಿನಲ್ಲೂ ಕಡಿಮೆ. ಇಂಜೆಕ್ಷನ್ ತಪ್ಪಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ.

ತಕ್ಷಣ ಹೊರಡಬೇಕಾದ ಲಕ್ಷಣಗಳು

ಅಸಿಟ್ರೋಮ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು ಬಿದ್ದದ್ದು, ತಡೆಯಲಾರದ ತಲೆನೋವು ಎಂದರೆ ರಕ್ತ ತೀರಾ ತೆಳುವಾಗಿ ಸೋರುತ್ತಿರಬಹುದು. ಬಾಯಿ ಸೊಟ್ಟ, ಒಂದು ಕೈ ಬಲಹೀನ, ಮಾತು ತೊದಲುವುದು, ಇದ್ದಕ್ಕಿದ್ದಂತೆ ಉಬ್ಬಸ ಎಂದರೆ ಹೆಪ್ಪುಗಟ್ಟಿರಬಹುದು. ಲೋಹದ ವಾಲ್ವ್ ಇದ್ದವರಿಗೆ ರಾತ್ರಿ ಮಲಗಿದಾಗ ಎದೆಯೊಳಗೆ ಟಿಕ್ ಟಿಕ್ ಸದ್ದು ಕೇಳುವ ರೂಢಿ ಇರುತ್ತದೆ. ಆ ಸದ್ದು ಮಂಕಾದರೆ ಅದೂ ತುರ್ತೇ. 108ಕ್ಕೆ ಫೋನ್ ಮಾಡಿ. ಕೊನೇ ಐಎನ್‌ಆರ್ ಚೀಟಿ ಮತ್ತು ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದೇ ಕವರಿನಲ್ಲಿ ಹಾಕಿಕೊಂಡು ಹೊರಡಿ.