ಏಂಜೆಲ್ ಮೀನು ಕೊಳ್ಳುವ ಮುನ್ನ ಕಣ್ಣು, ಮೈ ಎರಡನ್ನೂ ಹೋಲಿಸಿ

ಶಿವಾಜಿನಗರದ ಅಂಗಡಿಯಿರಲಿ, ನಿಮ್ಮ ಬಡಾವಣೆಯ ತಿರುವಿನಲ್ಲಿರುವ ಅಕ್ವೇರಿಯಂ ಮಳಿಗೆಯಿರಲಿ, ಏಂಜೆಲ್ ಮೀನಿನ ಬೆಲೆ ನಿಲ್ಲುವುದು ಬಣ್ಣ ಮತ್ತು ಗಾತ್ರದ ಮೇಲೆ. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಅಂಗಡಿಯವರು ವಿಂಗಡಿಸುತ್ತಾರೆ. ಆದರೆ ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್ ಆಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾತ್ರ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಇಕ್ಕಟ್ಟಿನ ತೊಟ್ಟಿಯಲ್ಲಿ, ಕೊಳಕು ನೀರಿನಲ್ಲಿ ಬೆಳವಣಿಗೆ ಕುಂಠಿತಗೊಂಡ ಹಳೆಯ ಮೀನೂ ಸ್ಮಾಲ್ ಎಂದೇ ಮಾರಾಟವಾಗುತ್ತದೆ. ಅದನ್ನು ಮನೆಗೆ ತಂದು ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದು ಪೂರ್ತಿ ಬೆಳೆಯುವುದು ಅನುಮಾನ.

ಹೋಗುವಾಗ ಜೇಬಿನಲ್ಲಿ ಚಿಕ್ಕ ಅಳತೆಯ ಒಂದು ರೂಪಾಯಿ ನಾಣ್ಯ ಮತ್ತು ಹತ್ತು ರೂಪಾಯಿ ನಾಣ್ಯ ಇರಲಿ. ಮೊದಲನೆಯದು ಸುಮಾರು 20ರಿಂದ 22 ಮಿ.ಮೀ., ಎರಡನೆಯದು 27 ಮಿ.ಮೀ. ಅಗಲ. ಗಾಜಿನ ಹೊರಗೆ ನಾಣ್ಯ ಹಿಡಿದು, ರೆಕ್ಕೆ–ಬಾಲ ಬಿಟ್ಟು ಮೈಯನ್ನಷ್ಟೇ ಹೋಲಿಸಿ. ಒಂದು ರೂಪಾಯಿಗಿಂತ ಚಿಕ್ಕ ಮರಿ ಅಗ್ಗವಾದರೂ ಬಹಳ ಸೂಕ್ಷ್ಮ. ನೀರು ಸ್ವಲ್ಪ ಬದಲಾದರೂ ತಡೆದುಕೊಳ್ಳುವುದಿಲ್ಲ. ಮೊದಲ ಬಾರಿ ಸಾಕುವವರಿಗೆ ಹತ್ತು ರೂಪಾಯಿ ನಾಣ್ಯದಷ್ಟು ಮೈಯಿರುವ ಮೀನೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಆ ಹೊತ್ತಿಗೆ ಅದರ ಆಕಾರ ತಿಳಿಯುತ್ತದೆ, ದೋಷವಿದ್ದರೆ ಕಣ್ಣಿಗೆ ಬೀಳುತ್ತದೆ, ಹೊಸ ತೊಟ್ಟಿಗೆ ಹೊಂದಿಕೊಳ್ಳುವ ಎಳೆತನವೂ ಉಳಿದಿರುತ್ತದೆ.

ಇನ್ನು ಕಣ್ಣು. ಮೈ ಬೆಳೆಯುವುದು ನಿಧಾನವಾದರೂ ಕಣ್ಣು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಬೆಳವಣಿಗೆ ನಿಂತ ಮೀನಿನ ಪುಟ್ಟ ಮೈಯಲ್ಲಿ ಕಣ್ಣು ದೊಡ್ಡದಾಗಿ ಎದ್ದು ಕಾಣುತ್ತದೆ. ಮರಿಗಳಿಗೆ ಸಹಜವಾಗಿಯೇ ಕಣ್ಣು ತುಸು ದೊಡ್ಡದು. ಆದ್ದರಿಂದ ಒಂದೇ ಮೀನನ್ನು ನೋಡಿ ತೀರ್ಮಾನಿಸದೆ ಅದೇ ತೊಟ್ಟಿಯ ಜೊತೆಗಾರರೊಂದಿಗೆ ಹೋಲಿಸಿ. ಕಣ್ಣಿಗೆ ಮಂಜು ಕವಿದಂತಿದ್ದರೆ ಆ ಮೀನನ್ನು ಬಿಟ್ಟು ಮುಂದಕ್ಕೆ ಹೋಗಿ.

ನಂತರ ಪಕ್ಕದಿಂದ ಪೂರ್ತಿ ಮೈ ನೋಡಿ. ತಲೆಯಿಂದ ಬೆನ್ನಿನ ರೆಕ್ಕೆಯವರೆಗಿನ ರೇಖೆ ತಗ್ಗಿಲ್ಲದೆ ಏರಬೇಕು. ಮೇಲಿನ, ಕೆಳಗಿನ ರೆಕ್ಕೆಗಳು ನೆಟ್ಟಗೆ ಬಿಚ್ಚಿಕೊಂಡಿರಬೇಕು. ಹೊಟ್ಟೆಯ ಕೆಳಗೆ ಇಳಿಬಿದ್ದ ಎಳೆಯಂಥ ಜೋಡಿ ರೆಕ್ಕೆಗಳನ್ನು ವಿಶೇಷವಾಗಿ ಗಮನಿಸಿ. ತುದಿ ಹರಿದಿದ್ದರೆ ಮತ್ತೆ ಬೆಳೆಯುತ್ತದೆ, ಬುಡದಲ್ಲೇ ಸೊಟ್ಟಗಾಗಿದ್ದರೆ ನೇರವಾಗುವುದು ಕಷ್ಟ. ಕಿವಿರಿನ ಮುಚ್ಚಳ ಮೈಗೆ ಅಂಟಿಕೊಂಡಂತಿರಬೇಕು, ಎರಡೂ ಬದಿ ಒಂದೇ ಸಮನೆ ಮಿಡಿಯಬೇಕು. ಹೊಟ್ಟೆ ಒಳಕ್ಕೆ ಅಂಟಿ, ಬಿಳಿ ದಾರದಂಥ ಮಲ ಜೋತಾಡುತ್ತಿದ್ದರೆ ಕರುಳಿನಲ್ಲಿ ಪರೋಪಜೀವಿಗಳಿರುವ ಶಂಕೆ. ರವೆಯಂಥ ಬಿಳಿ ಚುಕ್ಕೆ ಒಂದು ಮೀನಿನ ಮೇಲೆ ಕಂಡರೂ ಆ ತೊಟ್ಟಿಯಿಂದ ಯಾವುದನ್ನೂ ಕೊಳ್ಳಬೇಡಿ.

ಇಷ್ಟಾದ ಮೇಲೆ ಒಂದು ಚಿಟಿಕೆ ಆಹಾರ ಹಾಕಲು ಕೇಳಿ. ಗಾಜಿನ ಬಳಿ ಬಂದು ಮುಗಿಬಿದ್ದು ತಿನ್ನುವ ಮೀನನ್ನೇ ಆರಿಸಿ. ಅಂಗಡಿಗೆ ಹೊಸ ಮೀನುಗಳ ಲೋಡ್ ಬಂದ ದಿನವೇ ಕೊಳ್ಳುವ ಆತುರ ಬೇಡ. ಪ್ರಯಾಣದ ದಣಿವು ರೋಗವಾಗಿ ತಲೆದೋರಲು ಕೆಲವು ದಿನ ಬೇಕು. ವಾರ ಬಿಟ್ಟು ಹೋಗಿ.

ಎಷ್ಟು ತರಬೇಕು? ಪೂರ್ತಿ ಬೆಳೆದ ಏಂಜೆಲ್ ಸುಮಾರು 15 ಸೆಂ.ಮೀ. ಉದ್ದ, ರೆಕ್ಕೆ ಸೇರಿ ಅದಕ್ಕಿಂತಲೂ ಎತ್ತರ. ಕನಿಷ್ಠ ಒಂದೂವರೆ ಅಡಿ ಎತ್ತರದ, 150 ಲೀಟರಿನ ತೊಟ್ಟಿಯಿದ್ದರೆ ಐದು ಎಳೆಯ ಮೀನು ತನ್ನಿ. ಬೆಳೆದು ಜೋಡಿ ಕಟ್ಟಿಕೊಂಡಾಗ ಉಳಿದವನ್ನು ಬೇರೆಡೆಗೆ ಸಾಗಿಸಬೇಕಾಗುತ್ತದೆ, ಅದಕ್ಕೆ ಮೊದಲೇ ಸಿದ್ಧರಿರಿ. ಎಳೆಯ ಮೀನಿನಲ್ಲಿ ಗಂಡು–ಹೆಣ್ಣು ಗುರುತಿಸಲು ಆಗುವುದಿಲ್ಲ. ‘ಬ್ರೀಡಿಂಗ್ ಪೇರ್’ ಎಂದು ಹೆಚ್ಚು ಬೆಲೆ ಹೇಳಿದರೆ, ಆ ಜೋಡಿಯ ಮೊಟ್ಟೆ ಒಡೆದು ಮರಿಯಾಗಿದೆಯೇ ಎಂದು ಕೇಳಿ. ಎರಡು ಹೆಣ್ಣುಗಳು ಜೊತೆಯಾಗಿ ಮೊಟ್ಟೆಯಿಡುವುದೂ ಉಂಟು. ಅಂಥ ಮೊಟ್ಟೆಗಳು ಬೆಳ್ಳಗಾಗಿ ಕೊಳೆಯುತ್ತವೆ.

ಬೇರೆ ಬೇರೆ ಗಾತ್ರದವು ಬೇಕೆಂಬ ಆಸೆ ಸಹಜ, ನೋಡಲು ಚೆಂದ. ಆದರೆ ಏಂಜೆಲ್‌ಗಳು ಸಿಕ್ಲಿಡ್ ಕುಲದವು, ಜಾಗಕ್ಕಾಗಿ ಕಾದಾಡುತ್ತವೆ. ಸ್ವಲ್ಪ ಹೆಚ್ಚು ಕಡಿಮೆಯಿದ್ದರೆ ಅಡ್ಡಿಯಿಲ್ಲ. ದೊಡ್ಡದರ ಅರ್ಧಕ್ಕಿಂತ ಚಿಕ್ಕದನ್ನು ಮಾತ್ರ ಜೊತೆಗೆ ಬಿಡಬೇಡಿ, ದೊಡ್ಡದು ಅದನ್ನು ತಿನ್ನಲೂ ಬಿಡದೆ ಓಡಿಸುತ್ತದೆ. ದೊಡ್ಡ ಏಂಜೆಲ್ ಬಾಯಿಗೆ ಹಿಡಿಸುವ ಪುಟ್ಟ ನಿಯಾನ್ ಟೆಟ್ರಾ ಮೀನುಗಳು ಅದರ ಆಹಾರ. ಟೈಗರ್ ಬಾರ್ಬ್ ಮೀನು ಏಂಜೆಲ್‌ನ ಉದ್ದ ರೆಕ್ಕೆಗಳನ್ನೇ ಕಚ್ಚಿ ಹರಿಯುತ್ತದೆ.

ಅಂಗಡಿಯಲ್ಲಿ ಬಳಸುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂದು ಕೇಳಲು ಮರೆಯಬೇಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿದ್ದುದನ್ನು ಮೆದು ನೀರಿಗೆ ಬಿಡುವಾಗ ಹೆಚ್ಚು ನಿಧಾನ ಬೇಕು. ಜಲಮಂಡಳಿಯ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧ ಬೆರೆಸಿ. ತೊಟ್ಟಿ 25ರಿಂದ 28 ಡಿಗ್ರಿ ಬೆಚ್ಚಗಿರಬೇಕು; ಡಿಸೆಂಬರ್–ಜನವರಿಯ ಬೆಂಗಳೂರಿನ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು.

ಮನೆಗೆ ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳಬಾರದು. ಈಗಾಗಲೇ ಮೀನುಗಳಿರುವ ಮನೆಯಾದರೆ ಹೊಸಬರನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಕೊನೆಗೆ ಸೇರಿಸುವ ದಿನ ಒಳಗಿನ ಕಲ್ಲು, ಗಿಡಗಳ ಜಾಗ ಬದಲಿಸಿ ದೀಪ ಆರಿಸಿ. ಹಳಬರ ಗಡಿಗಳು ಅಳಿಸಿಹೋಗಿ ಹೊಸಬರ ಮೇಲೆ ಏರಿ ಹೋಗುವುದು ಕಡಿಮೆಯಾಗುತ್ತದೆ.