ಪಾರ್ಕಿನ್ಸನ್‌ಗೆ ಮೊದಲ ಪ್ರಶ್ನೆ ಹೊಟ್ಟೆಯದ್ದು

ಪಾರ್ಕಿನ್ಸನ್ ಇರುವವರು ಬಂದು ಕೂತರೆ ನಾನು ಕೈನಡುಕದಿಂದ ಶುರು ಮಾಡುವುದಿಲ್ಲ. "ಹೊಟ್ಟೆ ಸರಿಯಾಗಿ ಹೋಗುತ್ತಾ?" ಅಂತ ಕೇಳುತ್ತೇನೆ. ಅವರಿಗೆ ಮುಜುಗರ. ಜೊತೆಗೆ ಬಂದ ಹೆಂಡತಿಯೋ ಮಗಳೋ ಬಾಯಿ ಬಿಡುತ್ತಾರೆ: "ಅಯ್ಯೋ ಡಾಕ್ಟ್ರೇ, ಆ ಗೋಳು ಕೈ ನಡುಗೋಕೆ ಎಷ್ಟೋ ವರ್ಷ ಮುಂಚಿನಿಂದ ಇದೆ."

ಇದು ಕಾಕತಾಳೀಯ ಅಲ್ಲ. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಕರುಳಿನ ನರಗಳಲ್ಲೇ ಮೊದಲು ಗಂಟುಕಟ್ಟಿ, ಹೊಟ್ಟೆಯನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರ ಹಿಡಿದು ಮಿದುಳಿಗೆ ಏರುತ್ತಿರಬಹುದು ಎಂದು ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ 2003ರಲ್ಲೇ ಹೇಳಿದ್ದರು. ಎಲ್ಲರಲ್ಲೂ ಹಾಗೇ ಆಗುತ್ತದೆ ಅಂತಲ್ಲ. 2016ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನವರು, ಈ ಪ್ರೋಟೀನ್ ಜಾಸ್ತಿ ಇರುವ ಇಲಿಗಳನ್ನು ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದಾಗ ಚಲನೆಯ ತೊಂದರೆ ಕಡಿಮೆಯಿತ್ತು. ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಹಾಕಿದಾಗ ತೊಂದರೆ ಹೆಚ್ಚಿತು.

ಉರಿಯೂತದ ನಂಟು ಇಲ್ಲೇ ಬರುತ್ತದೆ. ನಾರಿನಂಶ ತಿನ್ನುವ ಕೆಲವು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ವಸ್ತು ತಯಾರಿಸುತ್ತವೆ, ಕರುಳಿನ ಒಳಪದರ ಅದನ್ನೇ ಉಂಡು ಗಟ್ಟಿಯಾಗಿರುತ್ತದೆ. ಪಾರ್ಕಿನ್ಸನ್ ಇರುವವರಲ್ಲಿ ಇಂಥವು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಪದರ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಸುಳಿ ರೋಗನಿರೋಧಕ ಕೋಶಗಳನ್ನು ಕೆರಳಿಸಿ ಉರಿಯೂತ ತರಬಹುದು. ಆದರೆ ಇದೇ ರೋಗಕ್ಕೆ ಕಾರಣವೋ, ರೋಗದಿಂದಲೇ ಹೀಗಾಗಿದ್ದೋ, ಇನ್ನೂ ಇತ್ಯರ್ಥವಾಗಿಲ್ಲ.

ನನ್ನ ದಿನನಿತ್ಯದ ಕೆಲಸಕ್ಕೆ ಹೆಚ್ಚು ಉಪಯೋಗವಾಗಿದ್ದು ಬೇರೆ ವಿಷಯ. "ಮಾತ್ರೆ ಹತ್ತುತ್ತಿಲ್ಲ" ಎಂದು ಬಂದವರಿಗೆ ಡೋಸ್ ಏರಿಸುವ ಮೊದಲು ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಮೈ ಸಡಿಲವಾದ ಹೊತ್ತು, ಹೊಟ್ಟೆ ಹೋದ ದಿನ, ಇಷ್ಟೇ. ಪುಟ ತಿರುವಿದರೆ ಸಾಮಾನ್ಯವಾಗಿ ಕಾಣುವುದು ಇದು: ಹೊಟ್ಟೆ ಕಟ್ಟಿದ ದಿನ ಮಾತ್ರೆ ತಡವಾಗಿ ಕೆಲಸ ಮಾಡುತ್ತದೆ. ಪ್ರೋಟೀನ್ ಜಾಸ್ತಿಯಿದ್ದ ಊಟದ ಜೊತೆ ನುಂಗಿದ ದಿನವೂ ಅದೇ ಕಥೆ. ಈ ರೋಗದ ಮುಖ್ಯ ಔಷಧಿ ಲೆವೊಡೋಪಾ ಮಿದುಳು ಸೇರಿ, ಅಲ್ಲಿ ಕೊರತೆಯಾದ ಡೋಪಮೈನ್ ಆಗಬೇಕು. ಅದಕ್ಕೆ ಮೊದಲು ಸಣ್ಣಕರುಳು ಅದನ್ನು ಹೀರಿಕೊಳ್ಳಬೇಕು. ಜಠರ ನಿಧಾನವಾದರೆ ಅದು ಅಲ್ಲೇ ಕಾಯುತ್ತದೆ. ಪ್ರೋಟೀನಿನ ಅಮೈನೋ ಆಮ್ಲಗಳೂ ಅದೇ ಬಾಗಿಲಿಗೆ ನೂಕಾಡುತ್ತವೆ. ಸಾಲದ್ದಕ್ಕೆ ಎಂಟೆರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಔಷಧಿಯನ್ನು ಕರುಳಲ್ಲೇ ಡೋಪಮೈನ್ ಮಾಡಿಬಿಡಬಲ್ಲದು. ಆ ಡೋಪಮೈನ್ ಮಿದುಳಿನೊಳಗೆ ಹೋಗಲಾರದು!

ಹಾಗಾಗಿ ಮೊದಲು ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆಗೆ ಸರಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರಿಗೆ ಪ್ರೋಟೀನ್ ಇಲ್ಲದ ಒಂದಿಷ್ಟು ತಿಂಡಿ. ನಾರಿನಂಶವನ್ನು ನಿಧಾನವಾಗಿ ಏರಿಸಬೇಕು, ಜೊತೆಗೆ ನೀರು ಬೇಕೇ ಬೇಕು. ಇಲ್ಲದಿದ್ದರೆ ಹೊಟ್ಟೆ ಇನ್ನಷ್ಟು ಗಟ್ಟಿಯಾಗುತ್ತದೆ. ಸಾಲದಿದ್ದರೆ ಮಲ ಮೆದುಗೊಳಿಸುವ ಮ್ಯಾಕ್ರೊಗಾಲ್ ಪುಡಿ. ವಾಕರಿಕೆಗೆ ಮೆಟೊಕ್ಲೊಪ್ರಮೈಡ್ ಮಾತ್ರ ಯಾರು ಕೊಟ್ಟರೂ ಬೇಡ, ಅದು ಡೋಪಮೈನ್ ತಡೆದು ನಡುಕ, ಬಿಗಿತ ಹೆಚ್ಚಿಸುತ್ತದೆ.

ಜಾಹೀರಾತು ನೋಡಿ ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾದ ಡಬ್ಬಿ ತರುವವರೂ ಇದ್ದಾರೆ. ಕೆಲವು ಪ್ರೋಬಯಾಟಿಕ್‌ಗಳು ಮಲಬದ್ಧತೆಗೆ ಸ್ವಲ್ಪ ನೆರವಾಗಿವೆ, ರೋಗ ನಿಲ್ಲಿಸಿದ್ದಕ್ಕೆ ಪುರಾವೆ ಇಲ್ಲ. ಇನ್ನು ಕೆಲವರು ಆರೋಗ್ಯವಂತರ ಮಲ ಕಸಿ ಮಾಡಿಸಿಕೊಳ್ಳಲೇ ಎನ್ನುತ್ತಾರೆ. 2024ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಬೆಲ್ಜಿಯಂನಲ್ಲಿ ಒಂದು ವರ್ಷದ ಹೊತ್ತಿಗೆ ಸ್ವಲ್ಪ ಸುಧಾರಣೆ, ಫಿನ್ಲೆಂಡಿನಲ್ಲಿ ಆರು ತಿಂಗಳಿಗೆ ಏನೂ ಇಲ್ಲ. ಸದ್ಯಕ್ಕೆ ಬೇಡ ಅನ್ನುತ್ತೇನೆ.